ಕ್ವಾಯರ್ ಹಾಡುತ್ತದೆ, ಜನ ಯಾಕೆ ಹಾಡುವುದಿಲ್ಲ?

ಮೈಸೂರು, ಮಂಡ್ಯ ಕಡೆಯ ಕ್ಯಾಥೊಲಿಕ್ ಚರ್ಚುಗಳಲ್ಲಿ ಕ್ವಾಯರ್‌ನವರು, ಅಂದರೆ ಗಾಯಕವೃಂದದವರು, ಹೇಳಿಕೊಳ್ಳುವ ದೂರು ಒಂದೇ: ‘ಜನ ಬಾಯೇ ಬಿಡಲ್ಲ.’ ಭಕ್ತಿ ಕಡಿಮೆಯಾಯಿತೆಂದು ಜನರನ್ನು ದೂರುವ ಮೊದಲು ಕೀಬೋರ್ಡ್ ಯಾವ ಸ್ಕೇಲಿನಲ್ಲಿ, ಅಂದರೆ ಯಾವ ಶ್ರುತಿಯಲ್ಲಿ, ಇದೆ ನೋಡಿ. ಮುಖ್ಯ ಗಾಯಕನಿಗೆ ಎಫ್ ಸ್ಕೇಲ್ ಹೊಂದುತ್ತದೆ, ಚರಣದಲ್ಲಿ ತಾರ ಷಡ್ಜ (ಮೇಲಿನ ಸ) ಮುಟ್ಟಿದಾಗ ಅವನ ಕಂಠ ಮೆರೆಯುತ್ತದೆ. ಬೆಂಚಿನಲ್ಲಿ ನಿಂತವರಿಗೆ ಅದು ಎಟಕುವುದಿಲ್ಲ, ಸುಮ್ಮನಾಗುತ್ತಾರೆ. ಸಭೆ ಹಾಡುವ ಹಾಡಿನ ಅತಿ ಎತ್ತರದ ಸ್ವರ ಡಿ ದಾಟಬಾರದು. ಹಾಡು ತಾರ ಷಡ್ಜದವರೆಗೆ ಹೋದರೆ ಸಿ ಅಥವಾ ಡಿ ಸ್ಕೇಲ್, ಅದಕ್ಕೂ ಮೇಲಿನ ತಾರ ಗಾಂಧಾರ (ಗ) ಮುಟ್ಟಿದರೆ ಬಿ ಫ್ಲ್ಯಾಟ್. ಮುಂಜಾನೆಯ ಪೂಜೆಗೆ ಇನ್ನೂ ಒಂದು ಸ್ವರ ಇಳಿಸಿ, ಆ ಹೊತ್ತಿಗೆ ಯಾರ ಗಂಟಲೂ ತೆರೆದಿರುವುದಿಲ್ಲ. ಮಂದ್ರಕ್ಕೂ ತಾರಕ್ಕೂ ಓಡಾಡುವ ಹಾಡಾದರೆ ಅದನ್ನು ಜನರ ಮೇಲೆ ಹೇರಬೇಡಿ, ಜನ ಪವಿತ್ರ ರೊಟ್ಟಿ ಸ್ವೀಕರಿಸುವ ಪರಮಪ್ರಸಾದದ ಹೊತ್ತಿಗೆ ಕ್ವಾಯರ್ ಒಂದೇ ಹಾಡಲಿ. ತಬಲಾ ಇದ್ದರೆ ಸ್ಕೇಲ್ ಹಿಂದಿನ ದಿನವೇ ತೀರ್ಮಾನವಾಗಬೇಕು. ಟ್ರಾನ್ಸ್‌ಪೋಸ್ ಗುಂಡಿ ಒತ್ತಿದರೆ ಕೀಬೋರ್ಡ್ ಇಳಿಯುತ್ತದೆ, ಶ್ರುತಿ ಮಾಡಿಟ್ಟ ದಾಯಾಂ (ತಬಲಾ ಜೋಡಿಯ ಬಲಗೈ ವಾದ್ಯ) ಇಳಿಯುವುದಿಲ್ಲ.

ಎರಡನೆಯದು ವೇಗ. ಇದನ್ನು ಕಟ್ಟಡವೇ ಹೇಳುತ್ತದೆ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅಡಿಗಲ್ಲು ಹಾಕಿದ ಸಂತ ಫಿಲೋಮಿನಾ ಕ್ಯಾಥೆಡ್ರಲ್‌ನಂಥ ಎತ್ತರದ ಕಮಾನಿನ ಗೋಥಿಕ್ ಆಲಯದಲ್ಲಿ ಒಂದು ಸ್ವರ ಅಡಗುವ ಮೊದಲೇ ಮುಂದಿನದು ಬಂದು ಅದರ ಮೇಲೆ ಕೂರುತ್ತದೆ. ಶಬ್ದ 34 ಮೀಟರ್ ಸಾಗಲು ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು. ಹಿಂದಿನ ಸಾಲಿನವರ ದನಿ ತಿರುಗಿ ಮುಂದಕ್ಕೆ ಬರುವಷ್ಟರಲ್ಲಿ ಆ ಸಮಯ ಎರಡರಷ್ಟಾಗುತ್ತದೆ. ನಿಮಿಷಕ್ಕೆ 120 ಪೆಟ್ಟಿನ ವೇಗದಲ್ಲಿ ಒಂದು ಪೆಟ್ಟಿಗೆ ಸಿಗುವುದು ಅರ್ಧ ಸೆಕೆಂಡು, ಅದರ ಐದರಲ್ಲಿ ಎರಡು ಪಾಲು ಹೀಗೇ ಹೋಯಿತು. ಕ್ವಾಯರ್ ‘ಜನ ಎಳೀತಾರೆ’ ಅನ್ನುತ್ತದೆ, ಜನ ‘ಕ್ವಾಯರ್ ಓಡತ್ತೆ’ ಅನ್ನುತ್ತಾರೆ. ಅಂಥ ಕಡೆ 80ರ ಆಸುಪಾಸಿಗೆ ಇಳಿಸಿ, ಬೇಸ್ ಮತ್ತು ಡ್ರಮ್ಸ್ ಕೈಬಿಡಿ. ತಗ್ಗು ಚಾವಣಿಯ ಹಳ್ಳಿ ಚರ್ಚಿನಲ್ಲಿ ಸ್ವಲ್ಪ ಬಿಗಿಯಾಗಿಯೇ ಹಾಡಬಹುದು. ಕೀಬೋರ್ಡಿನ ಸಿದ್ಧ ರಿದಮ್ ಮಾತ್ರ ಎಲ್ಲೂ ಬೇಡ. ಸಾಲಿನ ಕೊನೆಗೆ ಜನ ಉಸಿರು ತೆಗೆದುಕೊಳ್ಳಲು ಅದು ನಿಲ್ಲುವುದಿಲ್ಲ.

ಮೈಕ್ ವಿಚಾರ ಚಿಕ್ಕದು. ಗಾಯಕರ ಹಿಂದೆ ಸ್ಪೀಕರ್ ಇಟ್ಟರೆ ಕುಯ್ಯೆನ್ನುತ್ತದೆ, ಸ್ಪೀಕರ್ ಯಾವಾಗಲೂ ಮೈಕಿಗಿಂತ ಮುಂದಿರಲಿ. ಪಲ್ಲವಿ ಎರಡನೇ ಸಲ ಬಂದಾಗ ಮುಖ್ಯ ಗಾಯಕ ಮೈಕಿನಿಂದ ಎರಡು ಹೆಜ್ಜೆ ಹಿಂದೆ ಸರಿಯಲಿ. ತಮ್ಮ ಪಕ್ಕದವರ ದನಿ ಕೇಳಿದರೆ ಮಾತ್ರ ಜನ ಹಾಡುತ್ತಾರೆ.

ಇನ್ನು ಗೌರವದ ಪ್ರಶ್ನೆ. ನಮ್ಮಲ್ಲಿ ತೀರಾ ಸಾಮಾನ್ಯವಾದ ತಪ್ಪು, ಒಳ್ಳೆಯ ಉದ್ದೇಶದಿಂದಲೇ ಆಗುವಂಥದ್ದು: ಗುರುಗಳು ಬಲಿಪೀಠದಲ್ಲಿ ಕೃತಜ್ಞತಾ ಪ್ರಾರ್ಥನೆ ಹೇಳುವಾಗ ಕೀಬೋರ್ಡಿನವರು ಸ್ಟ್ರಿಂಗ್ಸ್ ದನಿ ಹಾಕಿ ಎರಡು ಸ್ವರ ಒತ್ತಿ ಹಿಡಿಯುತ್ತಾರೆ, ಭಕ್ತಿ ಬರಲಿ ಅಂತ. ಪೂಜೆಯ ನಿಯಮಗಳಿರುವ ರೋಮನ್ ಪೂಜಾಗ್ರಂಥದ ಸಾಮಾನ್ಯ ನಿರ್ದೇಶನದ 32ನೇ ಕಲಂ ಇದನ್ನು ನೇರವಾಗಿ ತಡೆಯುತ್ತದೆ. ಗುರುಗಳು ಸಭೆಯ ಪರವಾಗಿ ಪ್ರಾರ್ಥಿಸುವಾಗ ಬೇರೆ ಹಾಡಾಗಲಿ ವಾದ್ಯವಾಗಲಿ ಇರಕೂಡದು. ನಿಯಮವನ್ನು ಬದಿಗಿಟ್ಟು ನೋಡಿದರೂ ಕಾರಣ ಸ್ಪಷ್ಟವಾಗಿದೆ. ಹಿನ್ನೆಲೆ ಸಂಗೀತ ಬಂದ ಕೂಡಲೇ ಕಿವಿ ಮಾತನ್ನು ಬಿಟ್ಟು ಭಾವದ ಕಡೆ ಹೋಗುತ್ತದೆ, ಸಿನಿಮಾ ನಮಗೆಲ್ಲ ಕಲಿಸಿರುವುದೇ ಅದನ್ನು. ರೊಟ್ಟಿಯನ್ನೂ ಪಾತ್ರೆಯನ್ನೂ ಮೇಲೆತ್ತಿದಾಗ ಗಂಟೆ ಸಾಕು. ಈ ಪ್ರಾರ್ಥನೆಯ ಶುರುವಿನಲ್ಲಿ ಬರುವ ‘ಪವಿತ್ರರು’ ಹಾಡು ಮುಗಿದ ಕೂಡಲೇ ವಾದ್ಯದವರು ಕೈ ಮಡಿಲಿಗೆ ತರಬೇಕು, ಹಾಳೆ ಮಗುಚುವುದೂ ಬೇಡ. ಮುಂದಿನ ಹಾಡಿನ ಪುಟವನ್ನು ಮೊದಲೇ ತೆರೆದಿಟ್ಟುಕೊಂಡಿದ್ದರೆ ಆ ಸದ್ದೂ ಇರುವುದಿಲ್ಲ.

ಯಾವ ಹಾಡು ಎಲ್ಲಿ ನಿಲ್ಲಬೇಕು ಅನ್ನುವುದಕ್ಕೆ ಹಾಳೆ ನೋಡಬಾರದು, ಪೀಠ ನೋಡಬೇಕು. ಕಾಣಿಕೆ ಗೀತೆಯ ನಾಲ್ಕನೇ ಚರಣ ಬಾಕಿ ಇದೆಯೆಂದು ಗುರುಗಳನ್ನು ಕೈಜೋಡಿಸಿ ನಿಲ್ಲಿಸುವುದು ಸರಿಯಲ್ಲ. ಅವರು ಕೈ ತೊಳೆಯುವುದು ಕಂಡಿತೋ, ಆ ಚರಣಕ್ಕೇ ಮುಗಿಸಿ. ಪರಮಪ್ರಸಾದದ ಹಾಡು ಇದಕ್ಕೆ ಉಲ್ಟಾ, ಅದು ತಡವಾಗಿ ಶುರುವಾಗುತ್ತದೆ. ಗುರುಗಳು ಸ್ವೀಕರಿಸುವಾಗಲೇ ಎತ್ತಿಕೊಳ್ಳಬೇಕು. ಕ್ವಾಯರ್‌ನವರೂ ಪರಮಪ್ರಸಾದ ತೆಗೆದುಕೊಳ್ಳಬೇಕಲ್ಲ, ಅದಕ್ಕೆ ಇಬ್ಬರು ಮೊದಲು ಹೋಗಿ ಬಂದು ಹಾಡು ಹಿಡಿದುಕೊಳ್ಳಲಿ. ಎಲ್ಲರೂ ಒಟ್ಟಿಗೆ ಎದ್ದು ಹೋದರೆ ಕೀಬೋರ್ಡ್ ಒಂದೇ ಅನಾಥವಾಗಿ ನುಡಿಯುತ್ತಿರುತ್ತದೆ.

ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಲ್ಲಿ ವಾದ್ಯ ಹಾಡಿಗೆ ಆಸರೆ ಮಾತ್ರ, ಮಧ್ಯೆ ಬಿಜಿಎಂ (ಹಿನ್ನೆಲೆ ಸಂಗೀತ) ಇಲ್ಲ, ಅಲ್ಲೆಲೂಯ ಎಂಬ ಸ್ತುತಿಘೋಷವೂ ಇಲ್ಲ. ಈ ಕಾಲದ ನಾಲ್ಕನೇ ಭಾನುವಾರಕ್ಕೂ ಮಹೋತ್ಸವ, ಹಬ್ಬಗಳಿಗೂ ವಾದ್ಯದ ವಿಷಯದಲ್ಲಿ ವಿನಾಯಿತಿ ಇದೆ, ಅಲ್ಲೆಲೂಯಕ್ಕೆ ಇಲ್ಲ. ತಬಲಾದವರಿಗೆ ಈ ಕಾಲ ಶುರುವಾಗುವ ಬೂದಿ ಬುಧವಾರಕ್ಕೆ ಮುಂಚೆಯೇ ಇದನ್ನು ತಿಳಿಸಿಡಿ. ಪೂಜೆಯ ದಿನ ಬಂದು ಕೂತವರನ್ನು ಎಬ್ಬಿಸುವುದು ಯಾರಿಗೂ ಚೆನ್ನಾಗಿರುವುದಿಲ್ಲ.