ಹಾಲು ಹಿಡಿದಿಟ್ಟ ಗುಳಿಗೆ

ಧಾರವಾಡದ ನಮ್ಮ ಮನೆಯಲ್ಲಿ ಆಂಟಿಬಯೋಟಿಕ್ ಎಂದರೆ ‘ಉಷ್ಣದ ಗುಳಿಗಿ’. ಅದು ಮೈಗೆ ಕಾವು ಮಾಡುತ್ತದೆ, ಬಾಯಲ್ಲಿ ಹುಣ್ಣು ಎಬ್ಬಿಸುತ್ತದೆ ಎಂಬ ಭಯದಿಂದ ನಮ್ಮವ್ವ ಅದನ್ನು ನೀರಿನಲ್ಲಿ ನುಂಗಲು ಬಿಡುತ್ತಿರಲಿಲ್ಲ. ತಣ್ಣನೆಯ ಹಾಲು, ಹಾಲಿಲ್ಲದಿದ್ದರೆ ಸಕ್ಕರೆ ಬೆರೆಸಿದ ಮೊಸರು ಬೇಕೇ ಬೇಕು. ಮೂತ್ರದ ಸೋಂಕಿಗೆಂದು ವೈದ್ಯರು ಅವಳಿಗೇ ಸಿಪ್ರೊಫ್ಲಾಕ್ಸಾಸಿನ್ ಬರೆದುಕೊಟ್ಟಾಗಲೂ ಹಾಗೆಯೇ ನುಂಗಿದಳು. ಮೂರು ದಿನವಾದರೂ ಉರಿ ತಗ್ಗಲಿಲ್ಲ. ಅದಕ್ಕೆ ಹಾಲೊಂದೇ ಕಾರಣವೆಂದು ನಾನು ಹೇಳಲಾರೆ. ಆದರೆ ಮರಳಿ ಹೋದಾಗ ವೈದ್ಯರು ಕೇಳಿದ ಮೊದಲ ಪ್ರಶ್ನೆ, “ಗುಳಿಗಿ ಯಾತರ ಜೋಡಿ ತಗೋತೀರಿ, ಅಮ್ಮಾರ?” ಎಂಬುದಾಗಿತ್ತು.

ಆ ಪ್ರಶ್ನೆಯ ಹಿಂದೆ ಇರುವುದು ಉಷ್ಣ-ಶೀತದ ಲೆಕ್ಕವಲ್ಲ, ರಸಾಯನಶಾಸ್ತ್ರ. ಸಿಪ್ರೊಫ್ಲಾಕ್ಸಾಸಿನ್ ಅಣುವಿನ ಒಂದು ಬದಿಯಲ್ಲಿ ಎರಡು ಆಮ್ಲಜನಕ ಪರಮಾಣುಗಳು ಅಕ್ಕಪಕ್ಕದಲ್ಲಿದ್ದು, ಇಕ್ಕಳದಂತೆ ಲೋಹದ ಅಯಾನುಗಳನ್ನು, ಅಂದರೆ ವಿದ್ಯುದಂಶ ಹೊತ್ತ ಕಣಗಳನ್ನು, ಕಚ್ಚಿ ಹಿಡಿಯುತ್ತವೆ. ಬ್ಯಾಕ್ಟೀರಿಯಾದ ಒಳಹೊಕ್ಕ ಮೇಲೆ ಈ ಹಿಡಿತವೇ ಅದರ ಬಲ: ಡಿಎನ್‌ಎ ಸುರುಳಿಯನ್ನು ಬಿಚ್ಚಿ ಸುತ್ತುವ ಕಿಣ್ವಕ್ಕೆ ಅದು ಅಂಟಿಕೊಳ್ಳುವುದು ಮೆಗ್ನೀಸಿಯಂ ಅಯಾನೊಂದರ ಮೂಲಕ. ಟೆಟ್ರಾಸೈಕ್ಲಿನ್ ಎಂಬ ಇನ್ನೊಂದು ಆಂಟಿಬಯೋಟಿಕ್ ಗುಂಪಿನ ಔಷಧಿಗಳು ಬ್ಯಾಕ್ಟೀರಿಯಾದಲ್ಲಿ ಪ್ರೋಟೀನ್ ತಯಾರಿಸುವ ರೈಬೋಸೋಮನ್ನು ಹಿಡಿಯುವಾಗಲೂ ನಡುವೆ ಮೆಗ್ನೀಸಿಯಂ ಇರುತ್ತದೆ. ಎಚ್‌ಐವಿಗೆ ಕೊಡುವ ಡೊಲುಟೆಗ್ರಾವಿರ್ ವೈರಸ್ಸು ತನ್ನ ಡಿಎನ್‌ಎಯನ್ನು ನಮ್ಮ ಡಿಎನ್‌ಎಗೆ ಸೇರಿಸಲು ಬಳಸುವ ಇಂಟಿಗ್ರೇಸ್ ಕಿಣ್ವದಲ್ಲಿರುವ ಎರಡು ಮೆಗ್ನೀಸಿಯಂ ಅಯಾನುಗಳನ್ನು ಹಿಡಿದೇ ಆ ಕಿಣ್ವವನ್ನು ಕೆಲಸಕ್ಕೆ ಬಾರದಂತೆ ಮಾಡುತ್ತದೆ. ಬ್ಯಾಕ್ಟೀರಿಯಾಕ್ಕೂ ವೈರಸ್ಸಿಗೂ ಏನೇನೂ ಹೋಲಿಕೆಯಿಲ್ಲ. ಆದರೂ ಅವುಗಳ ಈ ಮದ್ದುಗಳ ಪಟ್ಟು ಒಂದೇ ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ.

ತೊಂದರೆಯೆಂದರೆ, ಇಕ್ಕಳಕ್ಕೆ ಜಾಗದ ವಿವೇಚನೆಯಿಲ್ಲ. ಹೊಟ್ಟೆಯಲ್ಲಿ ಹಾಲಿನ ಕ್ಯಾಲ್ಸಿಯಂ ಎದುರಾದರೆ ಅದನ್ನೇ ಹಿಡಿದುಕೊಳ್ಳುತ್ತದೆ, ಆ ಜೋಡಿ ಕರುಳಿನ ಗೋಡೆಯನ್ನು ದಾಟಲಾರದೆ ಮಲದೊಡನೆ ಹೊರಬೀಳುತ್ತದೆ. ಬರಿ ಹಾಲು ಅಥವಾ ಮೊಸರಿನ ಜೊತೆ ನುಂಗಿದ ಸಿಪ್ರೊಫ್ಲಾಕ್ಸಾಸಿನ್‌ನಲ್ಲಿ ಸುಮಾರು ಮೂರನೇ ಒಂದು ಪಾಲು ಹೀಗೆ ರಕ್ತಕ್ಕೆ ಸೇರದೆ ಹೋಗುತ್ತದೆ. ಹಳೆಯ ಟೆಟ್ರಾಸೈಕ್ಲಿನ್‌ಗೆ ಆಗುವ ನಷ್ಟ ಅದಕ್ಕಿಂತ ಹೆಚ್ಚು. ಅದೇ ಗುಂಪಿನ ಡಾಕ್ಸಿಸೈಕ್ಲಿನ್‌ಗೆ ಕಡಿಮೆ, ಐದರಲ್ಲಿ ಒಂದು ಪಾಲಿನಷ್ಟು.

ಹಾಲಿಗಿಂತ ದೊಡ್ಡ ಕಳ್ಳ ಬೇರೆಯೇ ಇದ್ದಾನೆ. ಗದಗಿನಲ್ಲಿ ಸಂಜೆ ಗಿರ್ಮಿಟ್ ಮಿರ್ಚಿ ತಿಂದು ಎದೆ ಉರಿದಾಗ ನಾವು ಕುಡಿಯುವ ಆಸಿಡಿಟಿ ಸಿರಪ್ಪಿನಲ್ಲಿ ಸಾಮಾನ್ಯವಾಗಿ ಅಲ್ಯೂಮಿನಿಯಂ ಮತ್ತು ಮೆಗ್ನೀಸಿಯಂ ಹೈಡ್ರಾಕ್ಸೈಡ್ ಇರುತ್ತವೆ. ಅದು ಹೊಟ್ಟೆಯಲ್ಲಿದ್ದಾಗ ಸಿಪ್ರೊಫ್ಲಾಕ್ಸಾಸಿನ್ ನುಂಗಿದರೆ ಹತ್ತರಲ್ಲಿ ಎಂಟು ಪಾಲಿಗೂ ಹೆಚ್ಚು ಔಷಧಿ ವ್ಯರ್ಥವಾಗಬಹುದು. ಡೊಲುಟೆಗ್ರಾವಿರ್ ಜೊತೆಗೇ ಕುಡಿದರೆ ಅದರ ಮಟ್ಟ 74 ಶೇಕಡಾ ಇಳಿದದ್ದನ್ನು ಅಳೆದು ನೋಡಿದ್ದಾರೆ. ಸಿರಪ್ಪನ್ನು ಔಷಧಿಯೆಂದೇ ಎಣಿಸದ ನಾವು ಅದನ್ನು ವೈದ್ಯರಿಗೆ ಹೇಳುವುದೇ ಇಲ್ಲ.

ಗರ್ಭಿಣಿಯರ ವಿಷಯದಲ್ಲಿ ನನಗೆ ಕಳವಳ ಹೆಚ್ಚು. ಎಚ್‌ಐವಿ ಇರುವ ತಾಯಿ ಡೊಲುಟೆಗ್ರಾವಿರ್ ನುಂಗುತ್ತಾಳೆ. ಅದೇ ತಾಯಿಗೆ ಆಶಾ ಕಾರ್ಯಕರ್ತೆ ರಕ್ತ ಹೆಚ್ಚಲೆಂದು ಕಬ್ಬಿಣಾಂಶದ ಗುಳಿಗೆಯನ್ನೂ ಮೂಳೆಗೆಂದು ಕ್ಯಾಲ್ಸಿಯಂ ಗುಳಿಗೆಯನ್ನೂ ಕೊಟ್ಟಿರುತ್ತಾಳೆ. ಖಾಲಿ ಹೊಟ್ಟೆಯಲ್ಲಿ ಒಟ್ಟಿಗೆ ನುಂಗಿದರೆ ಕ್ಯಾಲ್ಸಿಯಂನಿಂದ 39 ಶೇಕಡಾ, ಕಬ್ಬಿಣದಿಂದ 54 ಶೇಕಡಾ ಮದ್ದು ಕಡಿಮೆಯಾಗುತ್ತದೆ. ಆದರೆ ರೊಟ್ಟಿ ಪಲ್ಯದ ಊಟದೊಡನೆ ನುಂಗಿದರೆ ಈ ನಷ್ಟ ಇಲ್ಲವಾಗುತ್ತದೆ. ಊಟವಿಲ್ಲದ ಹೊತ್ತಿನಲ್ಲಾದರೆ ಆ ಗುಳಿಗೆಗಳಿಗಿಂತ 2 ತಾಸು ಮೊದಲು ಅಥವಾ 6 ತಾಸು ನಂತರ ಡೊಲುಟೆಗ್ರಾವಿರ್ ತೆಗೆದುಕೊಳ್ಳಬೇಕು.

ಊಟವೇ ಅಡ್ಡಿಯಾಗುವ ಮದ್ದೂ ಇದೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಎಣ್ಣೆ ಬೆಣ್ಣೆಯ ಊಟದ ಮೇಲೆ ನುಂಗಿದರೆ ರಕ್ತದಲ್ಲಿ ಅದರ ಗರಿಷ್ಠ ಮಟ್ಟ ಸುಮಾರು ಮೂರನೇ ಒಂದು ಭಾಗ ತಗ್ಗುತ್ತದೆ, ಆದ್ದರಿಂದ ಅದನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕೊಡುತ್ತಾರೆ. ವಾಕರಿಕೆ ತಾಳದವರು ಗುಳಿಗೆ ಬಿಡುವುದಕ್ಕಿಂತ ವೈದ್ಯರನ್ನು ಕೇಳಿ ಸ್ವಲ್ಪ ಹಗುರ ತಿನಿಸಿನೊಡನೆ ನುಂಗುವುದೇ ಲೇಸು.

ರಿಫಾಂಪಿಸಿನ್‌ನ ಇನ್ನೊಂದು ಕೆಲಸ ಹೊಟ್ಟೆಯಿಂದ ಆಚೆಗೆ, ಯಕೃತ್ತಿನಲ್ಲಿ ಶುರುವಾಗುತ್ತದೆ. ಪರಕೀಯ ವಸ್ತುಗಳನ್ನು ಒಡೆದು ಹೊರಹಾಕುವ ಕಿಣ್ವಗಳನ್ನು ಹೆಚ್ಚು ತಯಾರಿಸುವಂತೆ ಅದು ಜೀವಕೋಶಕ್ಕೆ ಅಪ್ಪಣೆ ಕೊಡುತ್ತದೆ. ಹೀಗೆ ಹೆಚ್ಚಿದ ಕಿಣ್ವಗಳು ಗರ್ಭನಿರೋಧಕ ಗುಳಿಗೆಯನ್ನೂ ಡೊಲುಟೆಗ್ರಾವಿರನ್ನೂ ಎಂದಿಗಿಂತ ಬೇಗ ಅರಗಿಸಿಬಿಡುತ್ತವೆ. ಅದಕ್ಕಾಗಿಯೇ ಎರಡೂ ಕಾಯಿಲೆ ಇರುವವರು ಡೊಲುಟೆಗ್ರಾವಿರ್ 50 ಮಿಲಿಗ್ರಾಂ ಗುಳಿಗೆಯನ್ನು ದಿನಕ್ಕೊಂದರ ಬದಲು 12 ತಾಸಿಗೊಂದರಂತೆ ಎರಡು ನುಂಗಬೇಕಾಗುತ್ತದೆ. ಹಾವೇರಿಯ ಹಳ್ಳಿಯಿಂದ ಬೆಳಗಿನ ಬಸ್ಸು ಹಿಡಿದು ಹುಬ್ಬಳ್ಳಿಗೆ ಔಷಧಿ ಒಯ್ಯಲು ಬರುವವನಿಗೆ ಈ ಎರಡನೆಯ ಗುಳಿಗೆ ‘ಜಾಸ್ತಿ ಬರೆದದ್ದು’ ಎಂದು ತೋರಿದರೆ ಅದು ಅವನ ತಪ್ಪಲ್ಲ; ಏಕೆ ಬೇಕೆಂದು ಅವನ ಮಾತಿನಲ್ಲಿ ಯಾರಾದರೂ ಹೇಳಬೇಕು.

ಇದಕ್ಕೆ ತದ್ವಿರುದ್ಧವಾದದ್ದು ಎಚ್‌ಐವಿಗೇ ಕೊಡುವ ಇನ್ನೊಂದು ಮದ್ದು, ರಿಟೊನಾವಿರ್. ಅದು ಅದೇ ಬಗೆಯ ಕಿಣ್ವಗಳನ್ನು ತಡೆಹಿಡಿಯುತ್ತದೆ, ಕೊಲೆಸ್ಟರಾಲಿಗೆ ಕೊಡುವ ಸಿಮ್ವಾಸ್ಟಾಟಿನ್ ಅದರೊಡನೆ ಸೇರಿದರೆ ರಕ್ತದಲ್ಲಿ ವಿಪರೀತ ಏರಿ ಸ್ನಾಯುಗಳನ್ನೇ ಕೆಡಿಸಬಲ್ಲದು. ಚಕ್ಕೋತದ ಹಣ್ಣಿಗೂ ಕರುಳಿನ ಈ ಕಿಣ್ವವನ್ನು ತಡೆಯುವ ಗುಣ ಉಂಟು.

ಇಷ್ಟಾದ ಮೇಲೆ ಹಾಲನ್ನು ಎಲ್ಲ ಗುಳಿಗೆಗೂ ಶತ್ರುವೆಂದು ತಿಳಿಯಬೇಕಿಲ್ಲ. ಇನ್ನೊಂದು ಆಂಟಿಬಯೋಟಿಕ್ ಆದ ಅಮಾಕ್ಸಿಸಿಲಿನ್‌ಗೆ ಈ ಇಕ್ಕಳವಿಲ್ಲ, ಅದನ್ನು ಹಾಲಿನೊಡನೆ ನುಂಗಬಹುದು. ಸಿಪ್ರೊಫ್ಲಾಕ್ಸಾಸಿನ್ ಕೂಡ ಬರಿ ಹಾಲು ಮೊಸರಿನೊಡನೆ ಬೇಡವೇ ಹೊರತು, ತುಂಬು ಊಟದಲ್ಲಿ ಕೊಂಚ ಮಜ್ಜಿಗೆ ಇದ್ದರೆ ದೋಷವಿಲ್ಲ. ಇದನ್ನು ಕೇಳಿದ ಮೇಲೆ ನಮ್ಮವ್ವ ಗುಳಿಗೆಯನ್ನು ತುಂಬಿದ ಲೋಟ ನೀರಿನೊಡನೆ ನುಂಗಿ, ಹಾಲನ್ನು ರಾತ್ರಿಯ ಗುಳಿಗೆಗೆ ಬಹಳ ಮೊದಲೇ, ಮಧ್ಯಾಹ್ನ ಮೂರರ ಹೊತ್ತಿಗೆ ಕುಡಿಯತೊಡಗಿದಳು.