ದೊಡ್ಡಮ್ಮನ ಕಿವಿಯ ಮಿಶಿನಿನಲ್ಲಿ ಕರ್ಣಪರ್ವಕ್ಕೆ ಜಾಗ ಯಾಕಿಲ್ಲ?

ಉಡುಪಿಯಲ್ಲಿರುವ ನಮ್ಮ ದೊಡ್ಡಮ್ಮನಿಗೆ ಎರಡೂ ಕಿವಿಗೆ ಮಿಶಿನ್ ಉಂಟು. ಚಾವಡಿಯ ಮೇಜಿನ ಮೇಲಿನ ಫೋನಿನಿಂದ ತಾಳಮದ್ದಳೆ ಬ್ಲೂಟೂತ್ ಮೂಲಕ ನೇರ ಕಿವಿಗೇ ಬರುತ್ತದೆ. ಹೂ ಕೊಯ್ಯಲು ಹಿತ್ತಿಲಿಗೆ ಹೋದರೆ ಮುಗಿಯಿತು; ಎರಡು ಮುರಕಲ್ಲಿನ ಗೋಡೆ ಅಡ್ಡ ಬಂದು ಕರ್ಣನ ಮಾತು ತುಂಡಾಗುತ್ತದೆ. "ಇಷ್ಟು ದುಡ್ಡಿನ ಮಿಶಿನ್, ನಾಲ್ಕು ಪ್ರಸಂಗ ಹೊಟ್ಟೆಯಲ್ಲಿ ಇಟ್ಟುಕೊಳ್ಳಲಿಕ್ಕೆ ಆಗುವುದಿಲ್ವಾ ಮಾರಾಯ?" ಎಂದು ಕೇಳಿದರು. ನನ್ನಲ್ಲಿ ಉತ್ತರ ಇರಲಿಲ್ಲ.

ಜಾಗದ ಅಡ್ಡಿಯಂತೂ ಅಲ್ಲ. ತಾಳಮದ್ದಳೆಯಲ್ಲಿ ಮಾತೇ ಮುಖ್ಯ. 64 ಕೆಬಿಪಿಎಸ್ ಎಂಪಿ3 ಮಾಡಿದರೆ ಗಂಟೆಗೆ ಸುಮಾರು 29 ಎಂಬಿ ಸಾಕು. ಉಗುರಿನಷ್ಟು ದೊಡ್ಡ 4 ಜಿಬಿ ಚಿಪ್ಪಿನಲ್ಲಿ 130 ಗಂಟೆಗೂ ಮಿಕ್ಕಿ ಹಿಡಿಯುತ್ತದೆ.

ಮೊದಲು ಅಡ್ಡ ಬಂದದ್ದು ಸೆಲ್ಲು. 1996ರ ಹೊತ್ತಿಗೆ ವೈಡೆಕ್ಸ್, ಓಟಿಕಾನ್ ಕಂಪನಿಗಳ ಡಿಜಿಟಲ್ ಶ್ರವಣಸಾಧನಗಳು ಬಂದವು, ಅಂದರೆ ಕಿವಿಯ ಹಿಂದೆ ಕಂಪ್ಯೂಟರೇ ಬಂದು ಕೂತಿತು. ಆದರೆ ಅದರ ನೆನಪಿನಲ್ಲಿ ಇದ್ದದ್ದು ಆಯಾ ಕಿವಿಗೆ ಹೊಂದಿಸಿದ ಲೆಕ್ಕಾಚಾರ ಮತ್ತು ಸೆಲ್ ಮುಗಿಯುತ್ತಾ ಬಂತೆಂದು ಹೇಳುವ ಒಂದೆರಡು ಬೀಪ್. ಕಂದು ಸ್ಟಿಕ್ಕರಿನ 312 ನಂಬರಿನ ಸೆಲ್ಲನ್ನು ನೋಡಿದವರಿಗೆ ಕಾರಣ ಗೊತ್ತಾಗುತ್ತದೆ. ಸ್ಟಿಕ್ಕರ್ ಕಿತ್ತ ಕೂಡಲೇ ಅದು ಗಾಳಿಯ ಆಮ್ಲಜನಕ ಹೀರಿ ಕರೆಂಟ್ ಕೊಡಲು ಶುರು ಮಾಡುತ್ತದೆ, ಕೊಡುವುದು ಬರೀ 1.4 ವೋಲ್ಟ್. ಫ್ಲ್ಯಾಶ್ ಮೆಮೊರಿಗೆ ಸಾಮಾನ್ಯವಾಗಿ 1.8 ಇಲ್ಲವೇ 3 ವೋಲ್ಟ್ ಬೇಕು. ವೋಲ್ಟೇಜ್ ಏರಿಸಲು ಇನ್ನೊಂದು ಸರ್ಕ್ಯೂಟ್ ಇಡಬೇಕು, ಅದು ತಿನ್ನುವುದೂ ಇದೇ ಪುಟ್ಟ ಸೆಲ್ಲನ್ನು. ಮೇಲಿಂದ ನಮ್ಮ ಆಟಿ ತಿಂಗಳ ಮಳೆಯ ತೇವ ಬೇರೆ. ಗಾಳಿ ಕುಡಿಯುವ ಸೆಲ್ಲು ನೀರಿನ ಪಸೆಯನ್ನೂ ಕುಡಿಯುತ್ತದೆ.

ಆಮೇಲೆ ಕಂಪನಿಗಳು ಫೋನಿನ ದಾರಿ ಹಿಡಿದವು. ಮೊದಲು ಫೋನಿನ ದನಿಯನ್ನು ಮಿಶಿನಿಗೆ ದಾಟಿಸಲು ಕೊರಳಿಗೆ ನೇತುಹಾಕುವ ಡಬ್ಬಿ ಬಂತು. 2014ರಲ್ಲಿ ರಿಸೌಂಡ್ ಕಂಪನಿಯ ಮಿಶಿನ್ ನಡುವೆ ಡಬ್ಬಿಯಿಲ್ಲದೆ ಐಫೋನಿನಿಂದಲೇ ಕೇಳತೊಡಗಿತು.

ತಮಾಷೆಯೆಂದರೆ ಕಿವಿ ನೆಟ್ಟಗಿದ್ದವರಿಗೆ ಅದೇ ವರ್ಷ ದೊಡ್ಡಮ್ಮ ಕೇಳಿದ ವಸ್ತುವಿನ ಆಸೆ ಹುಟ್ಟಿತು. ಜರ್ಮನಿಯ ಬ್ರಾಗಿ ಕಂಪನಿ ಜನರಿಂದ ಮುಂಗಡ ದುಡ್ಡು ಎತ್ತಿ, 4 ಜಿಬಿ ಒಳಗೇ ಇರುವ ಇಯರ್‌ಬಡ್ ಮಾಡಹೊರಟಿತು. 2016ರಲ್ಲಿ ಸ್ಯಾಮ್‌ಸಂಗ್‌ನ ಗೇರ್ ಐಕಾನ್‌ಎಕ್ಸ್ ಬಂತು, ಅದರಲ್ಲೂ 4 ಜಿಬಿ. ಬ್ಲೂಟೂತ್‌ನಲ್ಲಿ ಕೇಳಿದರೆ ಅದರ ಚಾರ್ಜ್ ಒಂದೂವರೆ ಗಂಟೆಯ ಆಸುಪಾಸು. ಒಳಗೆ ತುಂಬಿಸಿದ್ದನ್ನು ಕೇಳಿದರೆ ಅದರ ದುಪ್ಪಟ್ಟಿಗೂ ಹೆಚ್ಚು. ಬ್ಯಾಟರಿ ತಿನ್ನುವುದು ಮೆಮೊರಿಯಲ್ಲ, ರೇಡಿಯೊ!

ಆದರೂ 2019ರ ಗ್ಯಾಲಕ್ಸಿ ಬಡ್ಸ್‌ನಲ್ಲಿ ಆ ಮೆಮೊರಿ ಇರಲಿಲ್ಲ. ಹಾಡುಗಳು ಆಗಲೇ ಆ್ಯಪ್‌ಗೆ ಹೋಗಿದ್ದವು, ಫೈಲು ಕಾಪಿ ಮಾಡುತ್ತಾ ಕೂರುವ ವ್ಯವಧಾನ ಯಾರಿಗೂ ಇರಲಿಲ್ಲ. ನನಗೆ ಕಾಣುವ ಕಾರಣ ಇದೇ. ಈಜುವವರ ಹೆಡ್‌ಫೋನಿನಲ್ಲಿ ಮಾತ್ರ ಮೆಮೊರಿ ಉಳಿಯಿತು, ಬ್ಲೂಟೂತ್‌ನ ಅಲೆ ನೀರಿನಲ್ಲಿ ದೂರ ಹೋಗುವುದಿಲ್ಲವಲ್ಲ.

ಈಗ ಚಾರ್ಜ್ ಮಾಡುವ ಲಿಥಿಯಂ ಬ್ಯಾಟರಿಯ ಶ್ರವಣಸಾಧನಗಳಿವೆ, ವೋಲ್ಟೇಜಿನ ನೆಪ ನಡೆಯುವುದಿಲ್ಲ. 2020ರಲ್ಲಿ ಪ್ರಕಟವಾದ, ಎಲ್‌ಇ ಆಡಿಯೊ ಎಂಬ ಬ್ಲೂಟೂತ್‌ನ ಹೊಸ ವಿಧಾನ ಕಡಿಮೆ ಕರೆಂಟಿನಲ್ಲಿ ಕೆಲಸ ಮಾಡುತ್ತದೆ. ಸಭಾಂಗಣದ ಮೈಕಿನಿಂದ ಎಲ್ಲರ ಕಿವಿಗೂ ಒಮ್ಮೆಗೇ ಕಳಿಸುವ ಆರಾಕಾಸ್ಟ್ ಕೂಡ ಅದರದ್ದೇ ಭಾಗ. ಎಲ್ಲವೂ ಹೊರಗಿಂದ ಬರುವ ದನಿಗೇ.

ದೊಡ್ಡಮ್ಮನ ಸಂಗ್ರಹ ಮಾತ್ರ ಇವತ್ತಿಗೂ ಫೈಲುಗಳೇ. ಹಳೇ ಕ್ಯಾಸೆಟಿನಿಂದ ಇಳಿಸಿ ಮೆಮೊರಿ ಕಾರ್ಡಿಗೆ ಹಾಕಿದ "ಕರ್ಣಪರ್ವ ಸೈಡ್ ಬಿ"ಯಲ್ಲಿ ಶಲ್ಯ ಮಾತೆತ್ತುವ ಮುಂಚೆ ರಿಕ್ಷಾದ ಹಾರನ್ನು, ಯಾರದ್ದೋ ಕೆಮ್ಮು. ಅದು ಯಾವ ಆ್ಯಪಿನಲ್ಲೂ ಸಿಗುವುದಿಲ್ಲ.

ಮೊನ್ನೆ ಹೋದಾಗ ಮೇಜಿನ ಮೇಲೆ ಫೋನ್ ಇರಲಿಲ್ಲ. ಸೊಂಟಕ್ಕೆ ಸಿಕ್ಕಿಸಿದ ಎಲೆಅಡಿಕೆ ಸಂಚಿಯೊಳಗೆ ಸೇರಿತ್ತು, ಸ್ಕ್ರೀನಿನ ಮೂಲೆಗೆ ಸುಣ್ಣ ಮೆತ್ತಿತ್ತು. ಹಿತ್ತಿಲಲ್ಲಿ ಅವರು ಹೂ ಕೊಯ್ಯುತ್ತಾ ತಲೆದೂಗುತ್ತಿದ್ದರು.