ಒಂದೇ ತಂಡ, ಇಬ್ಬರು ನಾಯಕರು: ಸೈಕಲ್ ರೇಸ್‌ನಲ್ಲಿ ಈ ಪೈಪೋಟಿ ಯಾಕೆ?

ಪ್ರಶ್ನೆ: ಟೂರ್ ದ ಫ್ರಾನ್ಸ್ ನೋಡುವಾಗ ಒಂದು ವಿಷಯ ಅರ್ಥವಾಗುವುದಿಲ್ಲ. ಒಂದೇ ಜೆರ್ಸಿ ಹಾಕಿದ ಇಬ್ಬರ ನಡುವೆ ಯಾಕೆ ಜಗಳ? ಯಾರಿಗೆ ಶಕ್ತಿ ಜಾಸ್ತಿಯೋ ಅವರು ಮುಂದೆ ಹೋದರೆ ಆಯ್ತು, ಅಲ್ವಾ?

ಉತ್ತರ: ಅಷ್ಟು ಸುಲಭ ಇದ್ದಿದ್ದರೆ ಚೆನ್ನಾಗಿತ್ತು. ರಸ್ತೆ ರೇಸ್‌ನಲ್ಲಿ ದೊಡ್ಡ ಎದುರಾಳಿ ಗಾಳಿ. ಇನ್ನೊಬ್ಬರ ಚಕ್ರದ ಹಿಂದೆ ಅಂಟಿಕೊಂಡು ಹೋದರೆ ಶ್ರಮ ಬಹಳ ಉಳಿಯುತ್ತದೆ. ಹಾಗಾಗಿ ಈಗ ಟೂರ್‌ನಲ್ಲಿ ಒಂದು ತಂಡದ 8 ಜನರಲ್ಲಿ ಹೆಚ್ಚಿನವರು ನಾಯಕನಿಗಾಗಿ ಗಾಳಿ ತಡೆಯುತ್ತಾರೆ, ನೀರು ತಂದು ಕೊಡುತ್ತಾರೆ. ಕ್ರಿಕೆಟ್‌ನಲ್ಲಿ ಇಬ್ಬರು ಶತಕ ಹೊಡೆದರೆ ಎರಡೂ ತಂಡದ ಲೆಕ್ಕಕ್ಕೇ ಸೇರುತ್ತವೆ. ಇಲ್ಲಿ ಹಾಗಲ್ಲ. ದಿನಕ್ಕೊಂದರಂತೆ ನಡೆಯುವ ಹಂತಗಳೆಲ್ಲ ಸೇರಿ ಯಾರಿಗೆ ಕಡಿಮೆ ಸಮಯ ಹಿಡಿದಿದೆಯೋ ಅವರಿಗೆ ಹಳದಿ ಜೆರ್ಸಿ, ಅದು ಒಬ್ಬರಿಗೆ ಮಾತ್ರ.

ಬರೆದಿಡದ ಒಂದು ನಿಯಮವೂ ಇದೆ. ನಿಮ್ಮ ತಂಡದವರು ಮುಂದೆ ನುಗ್ಗಿದರೆ ನೀವು ಬೆನ್ನಟ್ಟುವಂತಿಲ್ಲ. ಬೆನ್ನಟ್ಟಿದರೆ ಎದುರಾಳಿಗಳು ನಿಮ್ಮ ಹಿಂದೆ ಆರಾಮಾಗಿ ಕೂತು ಬರುತ್ತಾರೆ. ಬೇರೆ ತಂಡದವರನ್ನು ಅಟ್ಟಿಸಿಕೊಂಡು ಹೋಗಬಹುದು, ಸ್ವಂತ ತಂಡದವರನ್ನು ನೋಡುತ್ತಾ ಸುಮ್ಮನಿರಬೇಕು. ಜಗಳದ ಬೇರು ಇಲ್ಲೇ ಇದೆ ಅಂತ ನನಗನ್ನಿಸುತ್ತದೆ.

ಇದಕ್ಕೆ ಫ್ರಾನ್ಸ್‌ನ ಬರ್ನಾರ್ ಇನೋ ಮತ್ತು ಅಮೆರಿಕದ ಗ್ರೆಗ್ ಲೆಮಾಂಡ್ ಅವರ ಕಥೆಗಿಂತ ಒಳ್ಳೆಯ ಉದಾಹರಣೆ ಇಲ್ಲ. ಇಬ್ಬರೂ ಲಾ ವಿ ಕ್ಲೇರ್ ತಂಡದವರು. 1985ರ ಟೂರ್‌ನಲ್ಲಿ ಹಳದಿ ಜೆರ್ಸಿ ಇನೋ ಮೈಮೇಲಿತ್ತು. ಬಿದ್ದು ಮೂಗು ಮುರಿದುಕೊಂಡಿದ್ದರು. ಲೂಝ್ ಆರ್ದಿಡೆನ್ ಬೆಟ್ಟದ ದಿನ ಲೆಮಾಂಡ್ ಮುಂದಿದ್ದರು, ಜೊತೆಗೆ ಬೇರೆ ತಂಡದ ಸ್ಟೀಫನ್ ರೋಚ್. ಆಗ ಕಿವಿಯಲ್ಲಿ ರೇಡಿಯೋ ಇರಲಿಲ್ಲ. ಇನೋ ಹತ್ತಿರದಲ್ಲೇ ಇದ್ದಾರೆ, ರೋಚ್ ಜೊತೆ ಸೇರಿ ತುಳಿಯಬೇಡ ಅಂತ ತಂಡದ ಕಾರಿನಿಂದ ಹೇಳಿದರು. ನಿಜಕ್ಕೂ ಇನೋ ತುಂಬಾ ಹಿಂದಿದ್ದರು. ಲೆಮಾಂಡ್ ಕಾದರು. ಕೊನೆಗೆ ಇನೋ ತಮ್ಮ 5ನೇ ಟೂರ್ ಗೆದ್ದರು, ಲೆಮಾಂಡ್ 1 ನಿಮಿಷ 42 ಸೆಕೆಂಡ್ ಹಿಂದೆ ಉಳಿದು ಎರಡನೆಯವರಾದರು. ಮುಂದಿನ ವರ್ಷ ನಿನಗಾಗಿ ಓಡುತ್ತೇನೆ ಎಂದು ಇನೋ ಎಲ್ಲರ ಮುಂದೆ ಮಾತು ಕೊಟ್ಟರು.

1986 ಬಂತು. ಪೋ ಊರಿಗೆ ಹೋಗುವ 12ನೇ ಹಂತದಲ್ಲಿ ಇನೋ ಅವರೇ ಬೇರೆ ತಂಡದ ಪೆದ್ರೋ ದೆಲ್ಗಾದೊ ಜೊತೆ ಮುಂದೆ ನುಗ್ಗಿದರು. ಲೆಮಾಂಡ್ ಬೆನ್ನಟ್ಟುವಂತಿರಲಿಲ್ಲ. ಸಂಜೆಯ ಹೊತ್ತಿಗೆ ಅವರು ಇನೋಗಿಂತ 5 ನಿಮಿಷ 25 ಸೆಕೆಂಡ್ ಹಿಂದೆ. ಇನೋ ಅಷ್ಟಕ್ಕೆ ನಿಲ್ಲಲಿಲ್ಲ, ಮರುದಿನವೂ ಒಬ್ಬರೇ ಹೊರಟರು. ಈ ಸಲ ಕಾಲು ಸೋತಿತು. ಸೂಪರ್‌ಬಾನ್ಯೇರ್ ಬೆಟ್ಟದಲ್ಲಿ ಲೆಮಾಂಡ್ ಗೆದ್ದರು, ಅಂತರ 40 ಸೆಕೆಂಡ್‌ಗೆ ಇಳಿಯಿತು. 17ನೇ ಹಂತದಲ್ಲಿ ಹಳದಿ ಜೆರ್ಸಿ ಅವರ ಕೈ ಸೇರಿತು. ಅದರ ಮರುದಿನ ಆಲ್ಪ್ ದ್ಯುಏಜ್ ಬೆಟ್ಟದ ಮೇಲೆ ಇಬ್ಬರೂ ಕೈ ಹಿಡಿದು ಗೆರೆ ದಾಟಿದರು. ಎಲ್ಲ ಸರಿಹೋಯ್ತು ಅಂದುಕೊಳ್ಳುವಷ್ಟರಲ್ಲಿ, ರೇಸ್ ಇನ್ನೂ ಮುಗಿದಿಲ್ಲ ಎಂದು ಇನೋ ಅವತ್ತೇ ಟಿವಿಯಲ್ಲಿ ಹೇಳಿದರು! ಎದುರಾಳಿಗಳನ್ನು ಸುಸ್ತು ಮಾಡಲು ದಾಳಿ ಮಾಡಿದೆ, ಅದೂ ಲೆಮಾಂಡ್‌ಗೇ ಸಹಾಯ ಅನ್ನುವುದು ಅವರ ವಾದ. ಆ ವಾದ ನನಗೆ ಒಪ್ಪಿಗೆಯಿಲ್ಲ. 5 ನಿಮಿಷದ ಅಂತರ ಕೈಯಲ್ಲಿದ್ದಾಗ ಮರುದಿನ ಮತ್ತೆ ಯಾಕೆ ನುಗ್ಗಬೇಕಿತ್ತು? ಪ್ಯಾರಿಸ್ ತಲುಪುವಾಗ ಲೆಮಾಂಡ್ 3 ನಿಮಿಷ 10 ಸೆಕೆಂಡ್ ಮುಂದಿದ್ದರು. ಟೂರ್ ಗೆದ್ದ ಮೊದಲ ಅಮೆರಿಕನ್ ಅವರು.

ಹಾಗಾದರೆ ತಂಡಗಳು ಇಬ್ಬರು ನಾಯಕರನ್ನು ಯಾಕೆ ಇಟ್ಟುಕೊಳ್ಳುತ್ತವೆ? ಮೂರು ವಾರದ ರೇಸ್. ಒಬ್ಬರು ಬಿದ್ದರೆ, ಜ್ವರ ಬಂದರೆ ಇನ್ನೊಬ್ಬರು ಇರಲಿ ಅಂತ. 2012ರಲ್ಲಿ ಸ್ಕೈ ತಂಡ ಬ್ರಾಡ್ಲಿ ವಿಗಿನ್ಸ್ ಅವರನ್ನೇ ನಾಯಕ ಮಾಡಿ, ಬೆಟ್ಟದಲ್ಲಿ ಮುಂದೆ ನುಗ್ಗಿದ ಕ್ರಿಸ್ ಫ್ರೂಮ್ ಅವರನ್ನು ರೇಡಿಯೋದಲ್ಲಿ ತಡೆದು ನಿಲ್ಲಿಸಿತು. ವಿಗಿನ್ಸ್ ಮೊದಲು, ಫ್ರೂಮ್ ಎರಡನೆಯವರು. 2013ರಲ್ಲಿ ಫ್ರೂಮ್ ಗೆದ್ದರು.

2023ರ ವುವೆಲ್ಟಾ, ಅಂದರೆ ಸ್ಪೇನ್‌ನ ಮೂರು ವಾರದ ರೇಸ್, ಇನ್ನೂ ವಿಚಿತ್ರ. ಯುಂಬೋ-ವಿಸ್ಮಾ ತಂಡದಲ್ಲಿ ವರ್ಷಗಟ್ಟಲೆ ಬೇರೆಯವರಿಗಾಗಿ ದುಡಿದ ಸೆಪ್ ಕುಸ್, ಅಲ್ಲಿ ಮೊದಲ ಸ್ಥಾನದಲ್ಲಿರುವವರು ಹಾಕುವ ಕೆಂಪು ಜೆರ್ಸಿಯಲ್ಲಿದ್ದರು. ಆಂಗ್ಲಿರು ಬೆಟ್ಟದಲ್ಲಿ ಅದೇ ತಂಡದ ಪ್ರಿಮೋಜ್ ರೋಗ್ಲಿಚ್, ಯೋನಾಸ್ ವಿಂಗೆಗೋ ಇಬ್ಬರೂ ಕುಸ್ ಅವರನ್ನು ಹಿಂದೆ ಬಿಟ್ಟು ಹೋದರು. ಜೆರ್ಸಿ ಉಳಿದದ್ದು ಬರೀ 8 ಸೆಕೆಂಡ್‌ನಲ್ಲಿ. ಆಮೇಲಷ್ಟೇ ತಂಡ ಕುಸ್ ಬೆನ್ನಿಗೆ ನಿಂತಿತು, ಅವರು 17 ಸೆಕೆಂಡ್‌ನಿಂದ ಗೆದ್ದರು. ಆ ತೀರ್ಮಾನ ಆಂಗ್ಲಿರು ಹತ್ತುವ ಮೊದಲೇ ಆಗಬೇಕಿತ್ತು.